ವೈದ್ಯಕೀಯ ದಾಖಲೆ ಕಳೆದುಹೋದ ಮಾಜಿ ಸೈನಿಕರು ಅಂಗವೈಕಲ್ಯ ಪಿಂಚಣಿ ಕೇಳುವುದು ಹೇಗೆ?

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಒಬ್ಬ ಹಿರಿಯರು ನಮ್ಮ ಕಚೇರಿಗೆ ಬಂದರು. ಕೈಯಲ್ಲಿ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ. ಕುರ್ಚಿಯನ್ನು ಸ್ವಲ್ಪ ತಿರುಗಿಸಿ ಬಲಗಿವಿ ನಮ್ಮ ಕಡೆಗೆ ಬರುವಂತೆ ಕೂತರು. ಎಡಗಿವಿ ಪೂರ್ತಿ ಕೇಳಿಸುವುದಿಲ್ಲ. 1979ರಲ್ಲಿ ಭೂಸೇನೆಗೆ ಸೇರಿದವರು. ಒಂದು ಅಭ್ಯಾಸದ ವೇಳೆ ಹತ್ತಿರದಲ್ಲೇ ಆದ ಸ್ಫೋಟದಿಂದ ಕಿವಿ ಕೆಟ್ಟಿತು, ತಿಂಗಳುಗಟ್ಟಲೆ ಮಿಲಿಟರಿ ಆಸ್ಪತ್ರೆಯಲ್ಲಿದ್ದರು, ಮೆಡಿಕಲ್ ಬೋರ್ಡ್ ಮುಂದೆ ನಿಂತರು, 1987ರಲ್ಲಿ ಮನೆಗೆ ಬಂದರು. ಸೇವೆ ಎಂಟು ವರ್ಷ ಮಾತ್ರವಾದ್ದರಿಂದ ಸಾಮಾನ್ಯ ಪಿಂಚಣಿ ಸಿಗಲಿಲ್ಲ. ಅಂಗವೈಕಲ್ಯ ಪಿಂಚಣಿಯೂ ಸಿಗಲಿಲ್ಲ. ಮುಂಬಯಿಯಲ್ಲಿ ಕೆಲವು ವರ್ಷ ವಾಚ್‌ಮನ್ ಕೆಲಸ, ಮತ್ತೆ ಊರಿನಲ್ಲಿ ಯಾರದೋ ಅಡಿಕೆ ತೋಟ.

ಮಗ ಈಗ ದೊಡ್ಡವನಾಗಿ ರೆಕಾರ್ಡ್ ಆಫೀಸಿಗೆ ಪತ್ರ ಬರೆದಿದ್ದಾನೆ. ಬಂದ ಉತ್ತರ ಮೂರೇ ಸಾಲು. ಪಿಂಚಣಿ ಪಡೆಯದೆ ಬಿಡುಗಡೆಯಾದವರ ಸೇವಾ ದಾಖಲೆಗಳನ್ನು 25 ವರ್ಷ ಇಟ್ಟುಕೊಂಡು ಆಮೇಲೆ ನಾಶಪಡಿಸುವ ನಿಯಮವಿದೆ, ಇವರ ಕಡತವನ್ನೂ ಹಾಗೆಯೇ ನಾಶಪಡಿಸಲಾಗಿದೆ ಎಂದು. ಹಿರಿಯರು ಪತ್ರವನ್ನು ಮಡಚಿ ಡಬ್ಬಿಗೆ ಹಾಕುತ್ತಾ, "ಇನ್ನು ಏನೂ ಆಗುವುದಿಲ್ಲ ಅಲ್ವಾ ಫಾದರ್?" ಎಂದು ಕೇಳಿದರು.

ಈ ಪ್ರಶ್ನೆ ಅವರೊಬ್ಬರದ್ದಲ್ಲ. ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಸೇನೆಯಲ್ಲಿ ದುಡಿದು ಬಂದವರು ಒಬ್ಬಿಬ್ಬರಾದರೂ ಇರುತ್ತಾರೆ. ಅವರಲ್ಲಿ ಕೆಲವರು ಪೂರ್ತಿ ಸೇವೆ ಮುಗಿಸದೆ, ಕಾಯಿಲೆಯ ಕಾರಣಕ್ಕೆ ಬೇಗ ಮರಳಿದವರು. ಅವರ ಬಗ್ಗೆ ಊರಿನಲ್ಲಿ ಏನೇನೋ ಮಾತು ಹುಟ್ಟುವುದೂ ಉಂಟು. ವಾಳೆಯ ಗುರಿಕಾರರು, ವಿನ್ಸೆಂಟ್ ದಿ ಪೌಲ್ ಸಭೆಯವರು ಇಂತಹ ಮನೆಗಳನ್ನು ನಮಗಿಂತ ಚೆನ್ನಾಗಿ ಬಲ್ಲರು. ಆದ್ದರಿಂದ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ. ನಾವು ವಕೀಲರಲ್ಲ. ಆದರೆ ಆ ಡಬ್ಬಿಯ ನೆಪದಿಂದ ಒಂದು ವರ್ಷ ಈ ವಿಷಯವನ್ನು ಓದಿದೆವು, ಬಲ್ಲವರನ್ನು ಕೇಳಿದೆವು. ಓದಿದ ಮೇಲೆ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆವು: ಆಸ್ಪತ್ರೆಯ ಕಾಗದ ಹೋದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಆದರೆ ಆ ಕಾಗದ ಹೇಳಬೇಕಾಗಿದ್ದ ಸಂಗತಿಯನ್ನು ಬೇರೆ ಕಾಗದಗಳ ಬಾಯಿಂದ ಹೇಳಿಸಬೇಕಾಗುತ್ತದೆ.

ಮೊದಲು ಈ ಪಿಂಚಣಿ ಏನೆಂದು ನೋಡೋಣ. ಭೂಸೇನೆಯವರಿಗೆ 1961ರ ಪಿಂಚಣಿ ನಿಯಮಾವಳಿ, ವಾಯುಸೇನೆಯವರಿಗೂ 1961ರದ್ದು, ನೌಕಾಸೇನೆಯವರಿಗೆ 1964ರದ್ದು ಬಹುಕಾಲ ಆಧಾರವಾಗಿದ್ದವು. ಅಂಗವೈಕಲ್ಯ ಸೇವೆಯಿಂದ ಉಂಟಾಗಿರಬೇಕು ಅಥವಾ ಸೇವೆಯಿಂದ ಉಲ್ಬಣಗೊಂಡಿರಬೇಕು. ಮೆಡಿಕಲ್ ಬೋರ್ಡ್ ಅದನ್ನು ಶೇಕಡಾ 20 ಅಥವಾ ಹೆಚ್ಚು ಎಂದು ಅಂದಾಜಿಸಿರಬೇಕು. ಇವೆರಡೂ ಇದ್ದು ಸೇವೆಯಿಂದ ಹೊರಗೆ ಬಂದವರಿಗೆ ಈ ಪಿಂಚಣಿ. ಅದರಲ್ಲಿ ಎರಡು ಭಾಗ: ಸೇವೆಗೆ ಸಲ್ಲುವ ಅಂಶ ಒಂದು, ಅಂಗವೈಕಲ್ಯಕ್ಕೆ ಸಲ್ಲುವ ಅಂಶ ಇನ್ನೊಂದು. ಇಷ್ಟೇ ವರ್ಷ ಸೇವೆ ಆಗಿರಲೇಬೇಕೆಂಬ ಷರತ್ತು ಇದಕ್ಕಿಲ್ಲ. ಹದಿನೈದು ವರ್ಷ ಆಗಲಿಲ್ಲವಾದ್ದರಿಂದ ಏನೂ ಸಿಗದು ಎಂದು ನಂಬಿ ಕೂತವರನ್ನು ನಾವೇ ಕಂಡಿದ್ದೇವೆ. ಆ ಹದಿನೈದು ವರ್ಷದ ಲೆಕ್ಕ ಸಾಮಾನ್ಯ ಪಿಂಚಣಿಯದ್ದು.

ಶೇಕಡಾವಾರಿಗೆ ಸಂಬಂಧಿಸಿ 2001ರ ಜನವರಿ 31ರ ಸರಕಾರಿ ಆದೇಶವೊಂದಿದೆ. 50ಕ್ಕಿಂತ ಕಡಿಮೆ ಇದ್ದರೆ 50 ಎಂದೂ, 50ರಿಂದ 75ರವರೆಗೆ ಇದ್ದರೆ 75 ಎಂದೂ, ಅದಕ್ಕೂ ಮೇಲಿದ್ದರೆ 100 ಎಂದೂ ಪರಿಗಣಿಸಬೇಕೆಂದು ಅದು ಹೇಳುತ್ತದೆ. ಅವಧಿ ಮುಗಿಸಿ ನಿವೃತ್ತರಾದವರಿಗೂ ಈ ಲಾಭ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2014ರ ಡಿಸೆಂಬರಿನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಹೇಳಿತು.

ಇನ್ನು ಸಾಕ್ಷ್ಯದ ವಿಷಯ. ಸಾಮಾನ್ಯವಾಗಿ ಕೇಳುವವನೇ ಸಾಬೀತು ಮಾಡಬೇಕು ಎಂಬುದು ನಮ್ಮ ಮನಸ್ಸಿನಲ್ಲಿರುವ ನ್ಯಾಯ. ಸೈನಿಕರ ವಿಷಯದಲ್ಲಿ ನಿಯಮವೇ ಬೇರೆ. 1982ರ ಅರ್ಹತಾ ನಿಯಮಗಳು ಮೂರೂ ಸೇನೆಗಳಿಗೆ ಅನ್ವಯಿಸುತ್ತಿದ್ದವು. ಅವುಗಳ 5ನೆಯ ನಿಯಮದ ಪ್ರಕಾರ, ಸೇನೆಗೆ ಸೇರುವಾಗ ದಾಖಲೆಯಲ್ಲಿ ಏನೂ ನ್ಯೂನತೆ ಬರೆದಿಲ್ಲದಿದ್ದರೆ ಆ ವ್ಯಕ್ತಿ ಪೂರ್ಣ ಆರೋಗ್ಯವಂತನಾಗಿದ್ದ ಎಂದೇ ಭಾವಿಸಬೇಕು. ಮುಂದೆ ವೈದ್ಯಕೀಯ ಕಾರಣಕ್ಕೆ ಹೊರಹಾಕಿದರೆ, ಆರೋಗ್ಯ ಕೆಟ್ಟದ್ದು ಸೇವೆಯಿಂದಲೇ ಎಂದು ಭಾವಿಸಬೇಕು. 9ನೆಯ ನಿಯಮ ಇನ್ನೂ ಸ್ಪಷ್ಟ. ಅರ್ಹತೆಯ ಷರತ್ತುಗಳನ್ನು ಸಾಬೀತು ಮಾಡುವಂತೆ ಅರ್ಜಿದಾರನನ್ನು ಕೇಳಕೂಡದು. ನ್ಯಾಯವಾದ ಸಂಶಯ ಇದ್ದರೆ ಅದರ ಲಾಭ ಅವನಿಗೆ ಸಿಗಬೇಕು.

ನಿಯಮ ಹೀಗಿದ್ದರೂ ಬಹಳ ವರ್ಷ ಕಚೇರಿಗಳಲ್ಲಿ ನಡೆದದ್ದು ಬೇರೆ. ಮೆಡಿಕಲ್ ಬೋರ್ಡ್ 'ಸೇವೆಗೆ ಸಂಬಂಧವಿಲ್ಲ' ಎಂದು ಒಂದು ಗೆರೆ ಬರೆದರೆ ಮುಗಿಯಿತು, ಅರ್ಜಿ ತಿರಸ್ಕೃತ. ಇದನ್ನು ತಿದ್ದಿದ್ದು ಧರಮ್‌ವೀರ್ ಸಿಂಗ್ ಪ್ರಕರಣ. ಅವರು 1985ರಲ್ಲಿ ಸಿಗ್ನಲ್ಸ್ ದಳಕ್ಕೆ ಸೇರಿದವರು. ಮೂರ್ಛೆ ರೋಗದ ಕಾರಣ 1994ರಲ್ಲಿ ಅವರನ್ನು ಮನೆಗೆ ಕಳುಹಿಸಲಾಯಿತು. ಅಂಗವೈಕಲ್ಯ ಶೇಕಡಾ 20, ಆದರೆ ಸೇವೆಗೆ ಸಂಬಂಧವಿಲ್ಲ ಎಂಬ ಷರಾ. ಹಿಮಾಚಲ ಪ್ರದೇಶ ಹೈಕೋರ್ಟಿನ ಏಕಸದಸ್ಯ ಪೀಠ ಅವರ ಪರವಾಗಿ ತೀರ್ಪು ಕೊಟ್ಟಿತು, ವಿಭಾಗೀಯ ಪೀಠ ಅದನ್ನು ರದ್ದು ಮಾಡಿತು. ಕೊನೆಗೆ 2013ರ ಜುಲೈ 2ರಂದು ಸುಪ್ರೀಂ ಕೋರ್ಟ್ ಅವರಿಗೆ ಪಿಂಚಣಿ ಕೊಡಿಸಿತು. ಸೇರುವಾಗ ರೋಗದ ಗುರುತು ಇರಲಿಲ್ಲ. ಸೇರುವ ಮುಂಚಿನ ಪರೀಕ್ಷೆಯಲ್ಲಿ ಅದು ಏಕೆ ಪತ್ತೆಯಾಗಲಿಲ್ಲ ಎಂಬುದಕ್ಕೆ ಬೋರ್ಡ್ ಕಾರಣ ಬರೆದಿಲ್ಲ. ಹಾಗಿದ್ದ ಮೇಲೆ ಸಂಬಂಧವಿಲ್ಲ ಎಂದು ತೋರಿಸುವ ಹೊಣೆ ಸರಕಾರದ್ದೇ ಎಂದು ನ್ಯಾಯಾಲಯ ಹೇಳಿತು. 2014ರಲ್ಲಿ ಸುಖ್ವಿಂದರ್ ಸಿಂಗ್ ಪ್ರಕರಣ, 2015ರಲ್ಲಿ ರಾಜ್‌ಬೀರ್ ಸಿಂಗ್ ಪ್ರಕರಣ ಇದೇ ದಾರಿಯಲ್ಲಿ ಸಾಗಿದವು. ಸೈನಿಕನನ್ನು ವೈದ್ಯಕೀಯ ಕಾರಣಕ್ಕೆ ಸೇವೆಯಿಂದಲೇ ಹೊರಗೆ ಕಳುಹಿಸಿದ್ದರೆ ಅವನ ಅಂಗವೈಕಲ್ಯ ಶೇಕಡಾ 20ಕ್ಕಿಂತ ಹೆಚ್ಚಿತ್ತು ಎಂದೇ ಭಾವಿಸಬೇಕೆಂದು ಸುಖ್ವಿಂದರ್ ಸಿಂಗ್ ತೀರ್ಪು ಹೇಳುತ್ತದೆ. ಕಾರಣ ನೀಡದ ಬೋರ್ಡ್ ಅಭಿಪ್ರಾಯವನ್ನು ನಂಬಿ ಪಿಂಚಣಿ ನಿರಾಕರಿಸಕೂಡದು ಎಂದು 2025ರಲ್ಲಿ ರಾಜುಮೋನ್ ಎಂಬ ಸೈನಿಕರ ಪ್ರಕರಣದಲ್ಲಿ ಮತ್ತೆ ಹೇಳಲಾಯಿತು.

ಈಗ ಕಡತ ನಾಶವಾದವರ ವಿಷಯಕ್ಕೆ ಬರೋಣ. ಬೋರ್ಡಿನ ವರದಿ ಇಲ್ಲ ಎಂದರೆ ಬೋರ್ಡ್ ಬರೆದಿರಬಹುದಾದ ಕಾರಣವೂ ಇಲ್ಲ. ಸೇರುವಾಗಲೇ ರೋಗವಿತ್ತು ಎಂದು ತೋರಿಸುವ ಕಾಗದವೂ ಸರಕಾರದ ಕೈಯಲ್ಲಿಲ್ಲ. ಆದ್ದರಿಂದ ಕಾಗದ ಇಲ್ಲದಿರುವುದು ಅರ್ಜಿದಾರನಿಗೆ ಮಾತ್ರ ನಷ್ಟ ಎಂದು ಭಾವಿಸಬೇಕಾಗಿಲ್ಲ. ಆದರೆ ಈ ವಾದ ತಾನಾಗಿ ಎದ್ದು ನಿಲ್ಲುವುದಿಲ್ಲ. ಅದಕ್ಕೆ ಮೊದಲು ಮೂರು ಸಂಗತಿ ಗಟ್ಟಿಯಾಗಬೇಕು: ಈ ವ್ಯಕ್ತಿ ಸೇನೆಯಲ್ಲಿದ್ದ, ಅವನನ್ನು ವೈದ್ಯಕೀಯ ಕಾರಣಕ್ಕೇ ಬಿಡುಗಡೆ ಮಾಡಲಾಯಿತು, ಆ ಕಾರಣ ಇಂಥದ್ದು. ನಾಶವಾದ ಕಡತದ ಪ್ರಕರಣಗಳಲ್ಲಿ ಗೆದ್ದವರೂ ಇದ್ದಾರೆ, ಸೋತವರೂ ಇದ್ದಾರೆ. ಇಷ್ಟು ವರ್ಷ ಸುಮ್ಮನಿದ್ದು ಕಾಗದ ಹೋದ ಮೇಲೆ ಬಂದಿರಿ ಎಂದು ಎದುರು ಪಕ್ಷ ಕೇಳಿದಾಗ, ಕೈಯಲ್ಲಿ ಏನೂ ಇಲ್ಲದವರಿಗೆ ಉತ್ತರ ಕೊಡುವುದು ಕಷ್ಟ.

ಡಬ್ಬಿಯನ್ನು ಮೇಜಿನ ಮೇಲೆ ತೆರೆದೆವು. ಮೊದಲು ಸಿಕ್ಕಿದ್ದು ಡಿಸ್ಚಾರ್ಜ್ ಪುಸ್ತಕ. ಹೆಚ್ಚಿನವರು ಇದನ್ನು ಮಾಜಿ ಸೈನಿಕರ ಗುರುತು ಚೀಟಿಗೋ ಕೆಲಸದ ಅರ್ಜಿಗೋ ಬೇಕಾಗುವ ಪುಸ್ತಕ ಎಂದಷ್ಟೇ ತಿಳಿದಿದ್ದಾರೆ. ಆದರೆ ಅದರಲ್ಲಿ ಬಿಡುಗಡೆಯ ಕಾರಣ ಬರೆಯುವ ಒಂದು ಗೆರೆ ಇರುತ್ತದೆ, ಅದರ ಪಕ್ಕದಲ್ಲಿ 1954ರ ಆರ್ಮಿ ರೂಲ್ಸ್‌ನ 13ನೆಯ ನಿಯಮದ ಉಲ್ಲೇಖ ಇರುತ್ತದೆ. ಜವಾನರಿಗೆ ಸಂಬಂಧಿಸಿದ ಭಾಗವನ್ನು ರೋಮನ್ ಅಂಕಿಯ ಮೂರರಿಂದ ಗುರುತಿಸುತ್ತಾರೆ, ಒಳಗಿನ ಕಲಮನ್ನು ಬ್ರಾಕೆಟ್ಟಿನಲ್ಲಿ ಸಣ್ಣ ರೋಮನ್ ಅಂಕಿಯಿಂದ. ಬ್ರಾಕೆಟ್ಟಿನಲ್ಲಿ ಒಂದು ಎಂದಿದ್ದರೆ ಒಪ್ಪಂದದ ಅವಧಿ ಮುಗಿಸಿ ಬಂದವರು. ನಾಲ್ಕು ಎಂದಿದ್ದರೆ ಸ್ವಂತ ಕೋರಿಕೆಯಿಂದ ಬಂದವರು. ಮೂರು ಎಂದಿದ್ದರೆ ಮುಂದಿನ ಸೇವೆಗೆ ವೈದ್ಯಕೀಯವಾಗಿ ಅನರ್ಹರೆಂದು ಬಿಡುಗಡೆಯಾದವರು. ನಮ್ಮ ಹಿರಿಯರದ್ದು ಮೂರು. ಶಾಯಿ ಮಾಸಿತ್ತು, ಆದರೆ ಮೂರು ಗೀಟುಗಳು ಸ್ಪಷ್ಟವಾಗಿದ್ದವು. ಅದರ ಕೆಳಗೆ ವೈದ್ಯಕೀಯ ಶ್ರೇಣಿ: 'ಇಇಇ'. ಆಗಿನ ಪದ್ಧತಿಯಲ್ಲಿ ಸಂಪೂರ್ಣ ಆರೋಗ್ಯವಂತರಿಗೆ 'ಎವೈಇ', ಯಾವ ಸೈನಿಕ ಸೇವೆಗೂ ಅನರ್ಹರಾದವರಿಗೆ 'ಇಇಇ'. ಮುಂದೆ 'ಶೇಪ್' ಎಂಬ ಪದ್ಧತಿ ಬಂತು. ಅದರಲ್ಲಿ 1 ಎಂದರೆ ಆರೋಗ್ಯವಂತ, 5 ಎಂದರೆ ಅನರ್ಹ. ಹೀಗೆ ಆಸ್ಪತ್ರೆಯ ಒಂದೇ ಒಂದು ಹಾಳೆ ಇಲ್ಲದೆ, ವೈದ್ಯಕೀಯ ಕಾರಣಕ್ಕೆ ಬಿಡುಗಡೆ ಎಂಬುದು ಸೇನೆಯದ್ದೇ ಕೈಬರಹದಲ್ಲಿ ಸಿಕ್ಕಿತು.

ಸ್ವಂತ ಕೋರಿಕೆ ಎಂದು ಬರೆದಿದ್ದರೆ ದಾರಿ ಕಿರಿದಾಗುತ್ತದೆ. ಕಾಯಿಲೆಯಿಂದ ಬೇಸತ್ತು ಅರ್ಜಿ ಬರೆದುಕೊಟ್ಟು ಬಂದವರೂ ಇದ್ದಾರೆ. ಅಂಥವರ ವಿಷಯದಲ್ಲಿ ನಿಯಮ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯಾಗಿದೆ, ವಕೀಲರ ಸಲಹೆ ಇಲ್ಲದೆ ಮುಂದುವರಿಯುವುದು ಸರಿಯಲ್ಲ.

ಡಬ್ಬಿಯ ತಳದಲ್ಲಿ ಇನ್ನೊಂದು ಕಾಗದ ಇತ್ತು. ನಾಲ್ಕಾಗಿ ಮಡಚಿದ್ದು, ಮಡಿಕೆಯಲ್ಲಿ ಹರಿದಿತ್ತು. ಹಿರಿಯರು ಅದನ್ನು ತೋರಿಸಲು ಹಿಂಜರಿದರು. ಅದು 1988ರಲ್ಲಿ ಅವರ ಪಿಂಚಣಿ ಅರ್ಜಿಯನ್ನು ತಿರಸ್ಕರಿಸಿ ಬಂದ ಪತ್ರ. ಮೂವತ್ತೇಳು ವರ್ಷ ಅದನ್ನು ಅವಮಾನದ ಕಾಗದ ಎಂದು ಬಚ್ಚಿಟ್ಟಿದ್ದರು. ಹೆಂಡತಿಗೂ ಓದಿ ಹೇಳಿರಲಿಲ್ಲ. ಓದಿ ನೋಡಿದರೆ, ಅದಕ್ಕಿಂತ ಒಳ್ಳೆಯ ಸಾಕ್ಷ್ಯ ಆ ಡಬ್ಬಿಯಲ್ಲಿ ಇರಲಿಲ್ಲ. ಯಾವ ಮಿಲಿಟರಿ ಆಸ್ಪತ್ರೆಯಲ್ಲಿ ಯಾವ ತಾರೀಕು ಬೋರ್ಡ್ ಕೂತಿತು ಎಂದು ಅದರಲ್ಲಿತ್ತು. ಅಂಗವೈಕಲ್ಯದ ಹೆಸರಿತ್ತು. ಶೇಕಡಾ 30 ಎಂಬ ಅಂದಾಜಿತ್ತು. ಸೇವೆಯಿಂದ ಉಂಟಾದದ್ದೂ ಅಲ್ಲ, ಉಲ್ಬಣಗೊಂಡದ್ದೂ ಅಲ್ಲ ಎಂಬ ಮಾತಿತ್ತು, ಆದರೆ ಏಕೆ ಎಂಬುದಕ್ಕೆ ಒಂದು ಶಬ್ದವೂ ಇರಲಿಲ್ಲ. ಆರು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬಹುದೆಂದು ಕೊನೆಯಲ್ಲಿತ್ತು. ಅದನ್ನು ಅವರಿಗೆ ಯಾರೂ ಓದಿ ಹೇಳಿರಲಿಲ್ಲ. ಇಂಗ್ಲಿಷ್ ಅವರಿಗೆ ಅಷ್ಟು ಬಾರದು.

ಆದುದರಿಂದ ಗುರಿಕಾರರಲ್ಲಿ ನಮ್ಮ ಮೊದಲ ವಿನಂತಿ: ಇಂತಹ ಮನೆಗೆ ಹೋದಾಗ, ಸಿಕ್ಕಿದ ಪತ್ರಗಳನ್ನಲ್ಲ, ನಿರಾಕರಿಸಿದ ಪತ್ರ ಇದೆಯೇ ಎಂದು ಕೇಳಿ. ಜನರು ಅದನ್ನು ಹರಿದು ಹಾಕುವುದೇ ಹೆಚ್ಚು.

ಮನೆಯಲ್ಲಿ ಏನೂ ಸಿಗದಿದ್ದರೆ ರೆಕಾರ್ಡ್ ಆಫೀಸಿಗೆ ಬರೆಯಬೇಕು. ಭೂಸೇನೆಯಲ್ಲಿ ಒಂದೊಂದು ದಳಕ್ಕೆ ಒಂದೊಂದು ರೆಕಾರ್ಡ್ ಆಫೀಸ್. ಮದ್ರಾಸ್ ಸ್ಯಾಪರ್ಸ್ ಎಂದು ನಾವು ಕರೆಯುವ ಎಂಜಿನಿಯರ್ ದಳದ್ದು ಬೆಂಗಳೂರಿನಲ್ಲಿ, ಮರಾಠಾ ಲೈಟ್ ಇನ್‌ಫೆಂಟ್ರಿಯದ್ದು ಬೆಳಗಾವಿಯಲ್ಲಿ, ಸಿಗ್ನಲ್ಸ್ ದಳದ್ದು ಜಬಲ್ಪುರದಲ್ಲಿ. ನೌಕಾಸೇನೆಯ ನಾವಿಕರಿಗೆ ಮುಂಬಯಿಯ ಬ್ಯೂರೋ ಆಫ್ ಸೈಲರ್ಸ್, ವಾಯುಸೇನೆಯವರಿಗೆ ದೆಹಲಿಯ ಸುಬ್ರೊತೊ ಪಾರ್ಕ್‌ನಲ್ಲಿರುವ ರೆಕಾರ್ಡ್ ಆಫೀಸ್. 2005ರ ಮಾಹಿತಿ ಹಕ್ಕು ಕಾಯಿದೆಯ ಅಡಿಯಲ್ಲಿ ಕೇಳಿದರೆ ಒಳ್ಳೆಯದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ಆದರೆ ಹೇಗೆ ಕೇಳುತ್ತೀರಿ ಎಂಬುದು ಮುಖ್ಯ. 'ನನ್ನ ವೈದ್ಯಕೀಯ ದಾಖಲೆ ಕೊಡಿ' ಎಂದು ಕೇಳಿದರೆ 'ನಾಶವಾಗಿದೆ' ಎಂಬ ಉತ್ತರ ಬಂದು ಅಲ್ಲಿಗೆ ಮುಗಿಯುತ್ತದೆ. ಸೇವಾ ಕಡತ ಹೋದರೂ ಲಾಂಗ್ ರೋಲ್ ಎಂಬ ದೊಡ್ಡ ಪುಸ್ತಕದಲ್ಲಿ ಪ್ರತಿಯೊಬ್ಬ ಸೈನಿಕನ ಹೆಸರಿನ ಮುಂದೆ ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ ಇರುತ್ತದೆ. ಅದರ ದೃಢೀಕೃತ ಪ್ರತಿ ಕೇಳಬೇಕು. ಮೆಡಿಕಲ್ ಬೋರ್ಡ್ ವರದಿಯನ್ನು ಅದರ ನಮೂನೆಯ ಹೆಸರಿನಿಂದಲೇ, ಎ.ಎಫ್.ಎಂ.ಎಸ್.ಎಫ್. 16 ಎಂದು ಕೇಳಬೇಕು. ಗಾಯವಾಗಿದ್ದರೆ ಐ.ಎ.ಎಫ್.ವೈ. 2006 ಎಂಬ ಗಾಯದ ವರದಿಯನ್ನೂ, ಕೋರ್ಟ್ ಆಫ್ ಇನ್‌ಕ್ವಯರಿ ನಡೆದಿದ್ದರೆ ಅದರ ನಡಾವಳಿಯನ್ನೂ ಕೇಳಬೇಕು. ಆಸ್ಪತ್ರೆಗೆ ಸೇರಿದ್ದು, ಬಿಡುಗಡೆಯಾದದ್ದು ಯೂನಿಟ್ಟಿನ ಪಾರ್ಟ್ ಟೂ ಆರ್ಡರ್‌ನಲ್ಲಿ ಪ್ರಕಟವಾಗುತ್ತಿತ್ತು, ಅದನ್ನೂ ಕೇಳಬೇಕು. ಇವೆಲ್ಲವೂ ನಾಶವಾಗಿದ್ದರೆ, ಯಾವ ದಿನ, ಯಾವ ಆದೇಶದ ಮೇಲೆ ನಾಶವಾಯಿತು ಎಂಬುದರ ಪ್ರತಿ ಕೇಳಬೇಕು. ಈ ಕೊನೆಯದನ್ನು ಬಹಳ ಜನ ಬಿಡುತ್ತಾರೆ. ಕಾಗದ ಹೋದದ್ದು ನಮ್ಮ ಅಜಾಗರೂಕತೆಯಿಂದಲ್ಲ, ಕಚೇರಿಯ ನಿಯಮದಿಂದ ಎಂದು ಮುಂದೆ ತೋರಿಸಲು ಅದೇ ಬೇಕು.

ಬೇರೆ ದೇಶದ ಒಂದು ಮಾತು ಇಲ್ಲಿ ನೆನಪಾಗುತ್ತದೆ. 1973ರ ಜುಲೈ 12ರಂದು ಅಮೆರಿಕದ ಸೇಂಟ್ ಲೂಯಿಸ್ ನಗರದ ಬಳಿ ಸೈನಿಕರ ದಾಖಲೆಗಳ ಉಗ್ರಾಣಕ್ಕೆ ಬೆಂಕಿ ಬಿತ್ತು. 160ರಿಂದ 180 ಲಕ್ಷ ಕಡತಗಳು ಸುಟ್ಟುಹೋದವು. 1912ರಿಂದ 1960ರ ನಡುವೆ ಬಿಡುಗಡೆಯಾದ ಭೂಸೇನೆಯವರ ಕಡತಗಳಲ್ಲಿ ಶೇಕಡಾ 80ರಷ್ಟು ಹೋಯಿತು. ಅಲ್ಲಿನವರು ಸಂಬಳದ ಚೀಟಿ, ಯೂನಿಟ್ಟಿನ ದಿನವರದಿ, ಆಸ್ಪತ್ರೆಯ ದಾಖಲಾತಿ ಪಟ್ಟಿಗಳಿಂದ ಒಬ್ಬೊಬ್ಬರ ಸೇವೆಯನ್ನು ಮತ್ತೆ ಜೋಡಿಸುತ್ತಾ ಬಂದರು. ಜೊತೆಗಿದ್ದ ಸೈನಿಕರ ಹೇಳಿಕೆಗೂ ಅಲ್ಲಿ ಬೆಲೆಯಿದೆ. ದಾಖಲೆ ಸರಕಾರದ ವಶದಲ್ಲಿದ್ದಾಗ ಹೋದರೆ, ಅರ್ಜಿಯನ್ನು ಇನ್ನೂ ಹೆಚ್ಚು ಎಚ್ಚರದಿಂದ ಪರಿಶೀಲಿಸುವ ಹೊಣೆ ಸರಕಾರಕ್ಕಿದೆ ಎಂದು ಅಲ್ಲಿನ ನ್ಯಾಯಾಲಯಗಳು ಹೇಳಿವೆ. ನಮ್ಮಲ್ಲಿ ಬೆಂಕಿ ಬೀಳಲಿಲ್ಲ, ನಿಯಮದ ಪ್ರಕಾರವೇ ಕಡತಗಳು ಹೋದವು. ಆದರೆ ಮತ್ತೆ ಜೋಡಿಸುವ ಕೆಲಸ ಅದೇ.

ಜೊತೆಗಿದ್ದವರ ಹೇಳಿಕೆ ಎಂದೆವಲ್ಲ, ಅದರಲ್ಲಿ ಜಾಗ್ರತೆ ಬೇಕು. ಅಫಿಡವಿಟ್ ಬರೆದುಕೊಡುವ ಗೆಳೆಯ ತನ್ನ ಸೇನಾ ನಂಬರು, ಯೂನಿಟ್, ಯಾವ ವರ್ಷ ಎಲ್ಲಿ ಜೊತೆಗಿದ್ದ ಎಂಬುದನ್ನು ಬರೆಯಬೇಕು. ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಬೇಕು: ಸ್ಫೋಟವಾಯಿತು, ಕಿವಿಯಿಂದ ರಕ್ತ ಬಂತು, ಗಾಡಿಯಲ್ಲಿ ಆಸ್ಪತ್ರೆಗೆ ಒಯ್ದರು, ಮೂರು ವಾರ ಬ್ಯಾರಕ್ಕಿಗೆ ಬರಲಿಲ್ಲ. 'ಅದರಿಂದಲೇ ಶ್ರವಣದೋಷ ಬಂತು' ಎಂದು ಬರೆಯುವುದು ವೈದ್ಯರ ಕೆಲಸ. ನಾಲ್ಕು ಗೆಳೆಯರು ಒಂದೇ ಶಬ್ದಗಳಲ್ಲಿ ಬರೆದುಕೊಟ್ಟ ಅಫಿಡವಿಟ್‌ಗೆ ಒಂದರ ಬೆಲೆಯೂ ಇರುವುದಿಲ್ಲ.

ಹಳೆಯ ಪತ್ರಗಳನ್ನು ಮರೆಯಬೇಡಿ. ಆಸ್ಪತ್ರೆಯ ಹಾಸಿಗೆಯಿಂದ ತಾಯಿಗೆ ಬರೆದ ಇನ್‌ಲ್ಯಾಂಡ್ ಪತ್ರದ ಮೇಲೆ 56 ಎ.ಪಿ.ಒ. ಅಥವಾ 99 ಎ.ಪಿ.ಒ. ಎಂಬ ಸೇನಾ ಅಂಚೆಯ ಮುದ್ರೆ ಮತ್ತು ತಾರೀಕು ಇರುತ್ತದೆ. ಇಷ್ಟು ವರ್ಷದ ಹಿಂದೆ, ಪಿಂಚಣಿಯ ಯೋಚನೆಯೇ ಇಲ್ಲದಾಗ, ಕೊಂಕಣಿಯಲ್ಲಿ ಬರೆದ ನಾಲ್ಕು ಸಾಲು ಇವತ್ತು ಬರೆಸಿದ ಹತ್ತು ಪುಟಕ್ಕಿಂತ ನಂಬಿಕೆಗೆ ಯೋಗ್ಯ. ಅನುವಾದವನ್ನು ನೋಟರಿಯಿಂದ ದೃಢೀಕರಿಸಿ ಮೂಲದ ಪ್ರತಿಯೊಂದಿಗೆ ಸೇರಿಸಬಹುದು.

ಊರಿಗೆ ಬಂದ ಮೇಲೆ ಪಡೆದ ಚಿಕಿತ್ಸೆಯ ಕಾಗದವೂ ಕೊಂಡಿಯಾಗುತ್ತದೆ. ಸೇನೆಯಲ್ಲಿ ಆರಂಭವಾದ ತೊಂದರೆ ನಿಲ್ಲದೆ ಮುಂದುವರಿದಿದೆ ಎಂದು ಅದು ತೋರಿಸುತ್ತದೆ. ಆದರೆ ಖಾಸಗಿ ಆಸ್ಪತ್ರೆಗಳೂ ಕಾಗದವನ್ನು ಎಂದೆಂದಿಗೂ ಇಡುವುದಿಲ್ಲ. 2002ರ ವೈದ್ಯಕೀಯ ವೃತ್ತಿ ನಿಯಮಗಳ ಪ್ರಕಾರ ಒಳರೋಗಿಗಳ ದಾಖಲೆಯನ್ನು ಇಡಬೇಕಾದದ್ದು ಮೂರು ವರ್ಷ ಮಾತ್ರ. ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಆದ್ದರಿಂದ ಈಗ ಆಸ್ಪತ್ರೆಗೆ ಹೋಗುವವರು ಕಾಗದವನ್ನು ಆಗಲೇ ತೆಗೆದಿಟ್ಟುಕೊಳ್ಳಲಿ.

ಇನ್ನು ನಮ್ಮ ಕಡೆಯ ವಿಶೇಷ ತೊಂದರೆ ಒಂದಿದೆ: ಹೆಸರು. ಸೇನೆಯ ಗುಮಾಸ್ತರು ಕೇಳಿದ ಹಾಗೆ ಬರೆದುಕೊಂಡಿರುತ್ತಾರೆ. ಡಿಸೋಜ ಎಂಬುದು ಒಂದು ಕಾಗದದಲ್ಲಿ ಒಂದೇ ಪದ, ಇನ್ನೊಂದರಲ್ಲಿ ಎರಡು. ಲಾರೆನ್ಸ್ ಇದ್ದವರು ಲೊರೆನ್ಸ್ ಆಗಿರುತ್ತಾರೆ. ಮನೆಯಲ್ಲಿ, ಚರ್ಚಿನಲ್ಲಿ ಕರೆಯುವ ಹೆಸರು ಒಂದು, ಶಾಲೆಯ ಸರ್ಟಿಫಿಕೇಟಿನಲ್ಲಿ ಇನ್ನೊಂದು. ಆಧಾರ್ ಕಾರ್ಡ್ ಬಂದ ಮೇಲೆ ಮೂರನೆಯದ್ದೂ ಸೇರಿದೆ. ಇಲ್ಲಿ ಧರ್ಮಕೇಂದ್ರದ ಕಚೇರಿಯೇ ನೆರವಾಗಬಹುದು. ಜ್ಞಾನಸ್ನಾನದ ಪುಸ್ತಕದಲ್ಲಿ ತಂದೆ ತಾಯಿಯ ಹೆಸರು, ಹುಟ್ಟಿದ ದಿನ ಇರುತ್ತದೆ. ವಿವಾಹದ ಪುಸ್ತಕದಲ್ಲಿ ಹೆಂಡತಿಯ ಹೆಸರಿರುತ್ತದೆ. ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ ಜೊತೆಗೆ ಅದರ ಪ್ರತಿ ಸೇರಿಸಿದರೆ ಕೆಲಸ ಹಗುರವಾಗುತ್ತದೆ. ಸೈನಿಕ ತೀರಿಕೊಂಡು ವಿಧವೆ ಅರ್ಜಿ ಹಾಕುವಲ್ಲಿ ವಿವಾಹದ ಪ್ರತಿ ಇನ್ನೂ ಮುಖ್ಯ. ಪ್ರತಿ ಕೇಳಿ ಬಂದವರನ್ನು ನಾಳೆ ಬನ್ನಿ ಎಂದು ಕಳುಹಿಸಬೇಡಿ ಎಂದು ಕಚೇರಿಯ ಸಹಾಯಕರಲ್ಲಿ ಕೇಳಿಕೊಳ್ಳುತ್ತೇವೆ.

ನಾವು ಮಾಡಿದ ಒಂದು ತಪ್ಪನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ಬೇರೊಬ್ಬರಿಗೆ ಸಹಾಯ ಮಾಡುವ ಉತ್ಸಾಹದಲ್ಲಿ ಅವರ ಡಿಸ್ಚಾರ್ಜ್ ಪುಸ್ತಕದ ಮೂಲವನ್ನೇ ಅರ್ಜಿಯ ಜೊತೆ ಒಂದು ಕಚೇರಿಗೆ ಕಳುಹಿಸಿಬಿಟ್ಟೆವು. ಅದು ಮರಳಿ ಬರಲಿಲ್ಲ. ಜೆರಾಕ್ಸ್ ಕೂಡ ಇಟ್ಟಿರಲಿಲ್ಲ. ಅವರು ನಮ್ಮನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಮೂಲ ಕಾಗದ ಮನೆಯಿಂದ ಹೊರಗೆ ಹೋಗಬಾರದು. ದೃಢೀಕೃತ ಪ್ರತಿ ಮಾತ್ರ, ಅದೂ ಸ್ಪೀಡ್ ಪೋಸ್ಟ್‌ನಲ್ಲಿ, ರಸೀದಿ ಜೋಪಾನವಾಗಿಟ್ಟುಕೊಂಡು.

ತಡವಾದದ್ದರ ಬಗ್ಗೆ ಎಲ್ಲರೂ ಕೇಳುತ್ತಾರೆ. 1983ರಲ್ಲಿ ವೈದ್ಯಕೀಯ ಕಾರಣಕ್ಕೆ ಬಿಡುಗಡೆಯಾದ ತರ್ಸೇಮ್ ಸಿಂಗ್ ಎಂಬವರು 1999ರಲ್ಲಿ ಹೈಕೋರ್ಟಿಗೆ ಹೋದರು. ಪಿಂಚಣಿ ಕೊಡದಿರುವುದು ತಿಂಗಳು ತಿಂಗಳೂ ಮುಂದುವರಿಯುವ ಅನ್ಯಾಯ, ಆದ್ದರಿಂದ ತಡವಾಯಿತೆಂಬ ಕಾರಣಕ್ಕೆ ಹಕ್ಕನ್ನೇ ತಳ್ಳಿಹಾಕುವಂತಿಲ್ಲ ಎಂಬ ತತ್ತ್ವವನ್ನು 2008ರಲ್ಲಿ ಸುಪ್ರೀಂ ಕೋರ್ಟ್ ಆ ಪ್ರಕರಣದಲ್ಲಿ ವಿವರಿಸಿತು. ಆದರೆ ಹಿಂಬಾಕಿಯನ್ನು ಅರ್ಜಿ ಹಾಕಿದ ದಿನಕ್ಕಿಂತ ಹಿಂದಿನ ಮೂರು ವರ್ಷಕ್ಕೆ ಸೀಮಿತಗೊಳಿಸಿತು. ಅಂದರೆ ಸುಮ್ಮನೆ ಕೂತ ವರ್ಷಗಳ ಹಣ ಕೈತಪ್ಪಬಹುದು.

ಎಲ್ಲ ಅರ್ಜಿಯೂ ನ್ಯಾಯವಾದದ್ದೇ ಎಂದು ನಾವು ಹೇಳುವುದಿಲ್ಲ. ರಜೆಯಲ್ಲಿ ಊರಿಗೆ ಬಂದಾಗ ಸ್ಕೂಟರ್ ಅಪಘಾತವಾದ ಜುಝಾರ್ ಸಿಂಗ್ ಎಂಬವರ ಬೇಡಿಕೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಗಾಯಕ್ಕೂ ಸೈನಿಕ ಸೇವೆಗೂ ಏನಾದರೂ ಸಂಬಂಧ ಇರಬೇಕು ಎಂದಿತು. ಇಲ್ಲದ ಸಂಬಂಧವನ್ನು ಕಟ್ಟಿ ಬರೆದುಕೊಟ್ಟರೆ ಇರುವ ಸತ್ಯವೂ ಹಾಳಾಗುತ್ತದೆ. ಇನ್ನೊಂದು ಮಾತು, ಮೇಲೆ ಹೇಳಿದ 1982ರ ನಿಯಮಗಳು ಹಳಬರಿಗೆ ಸಂಬಂಧಿಸಿದವು. ಅವುಗಳ ನಂತರ 2008ರ ನಿಯಮಗಳು ಬಂದವು. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಗಳು ಜಾರಿಗೆ ಬಂದಿದ್ದು, ಅಂದಿನಿಂದ ಬಿಡುಗಡೆಯಾಗುವವರಿಗೆ ಅವು ಅನ್ವಯಿಸುತ್ತವೆ. ಅವು ಹೆಚ್ಚು ಬಿಗಿಯಾಗಿವೆ. ಈಗ ಸೇವೆಯಲ್ಲಿರುವ ಮಕ್ಕಳಿಗೆ ತಂದೆ ತಾಯಿ ಹೇಳಬೇಕಾದದ್ದು ಒಂದೇ: ಮೆಡಿಕಲ್ ಬೋರ್ಡಿನ ಪ್ರತಿ ಕೈಗೆ ಬಾರದೆ ಊರಿನ ರೈಲು ಹತ್ತಬೇಡ.

ದಾರಿ ಹೀಗಿದೆ. ತಿರಸ್ಕಾರದ ವಿರುದ್ಧ ಮೊದಲ ಮೇಲ್ಮನವಿ, ಅದೂ ಆಗದಿದ್ದರೆ ಎರಡನೆಯದ್ದು, ಆಮೇಲೆ 2007ರ ಕಾಯಿದೆಯಿಂದ ರೂಪುಗೊಂಡು 2009ರಲ್ಲಿ ಕೆಲಸ ಆರಂಭಿಸಿದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಅರ್ಜಿ ಬರೆಯಲು ಸಹಾಯ ಮಾಡುತ್ತಾರೆ, ಅದಕ್ಕೆ ಹಣ ಕೊಡಬೇಕಾಗಿಲ್ಲ. ಹಿಂಬಾಕಿಯಲ್ಲಿ ಅರ್ಧ ಪಾಲು ಕೇಳುವ ದಲ್ಲಾಳಿಗಳು ಮನೆ ಬಾಗಿಲಿಗೆ ಬಂದರೆ ದಯವಿಟ್ಟು ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ.

ನಮ್ಮ ಹಿರಿಯರ ವಿಷಯ ಏನಾಯಿತು ಎಂದು ಕೇಳಬಹುದು. ಲಾಂಗ್ ರೋಲ್ ಪ್ರತಿ ಈ ವರ್ಷ ಬಂತು. ಒಂದೇ ಸಾಲು: ನಂಬರು, ಹೆಸರು, ಎರಡು ತಾರೀಕು, ವೈದ್ಯಕೀಯವಾಗಿ ಅನರ್ಹ ಎಂಬ ಷರಾ. ಹೆಸರಿನಲ್ಲಿ ಒಂದು ಅಕ್ಷರ ತಪ್ಪು. ಜ್ಞಾನಸ್ನಾನದ ಪುಸ್ತಕದ ಪ್ರತಿ ತೆಗೆದು, ಅಫಿಡವಿಟ್ ಮಾಡಿಸಿ, 1988ರ ಆ ಪತ್ರವನ್ನು ಎಲ್ಲಕ್ಕಿಂತ ಮೇಲೆ ಇಟ್ಟು, ತಡವಾದ ಕಾರಣವನ್ನು ಅವರದೇ ಮಾತಿನಲ್ಲಿ ಬರೆದು ಮೇಲ್ಮನವಿ ಕಳುಹಿಸಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಮೊನ್ನೆ ಭಾನುವಾರ ಪೂಜೆಯ ನಂತರ ಅವರು ಹೆಂಡತಿಯ ಜೊತೆ ಬಂದಿದ್ದರು. ಪತ್ರದಲ್ಲಿ ಏನು ಬರೆದಿದೆ ಎಂದು ಆಕೆ ಕೇಳಿದರು. ಹಿರಿಯರು ತಲೆಯಾಡಿಸಿದರು, ನಾವು ಓದಿ ಹೇಳಿದೆವು.